ಮೂರು ಅಭಿಪ್ರಾಯಗಳು, ಒಂದು ಹೆಬ್ಬೆಟ್ಟು

ವಿಮರ್ಶೆಯೆಂಬುದು ಅಚ್ಚಾದ ಪುಸ್ತಕಕ್ಕೆ ಮಾತ್ರ ಸಲ್ಲುವ ಗೌರವವೆಂಬ ರೂಢಿ ನಮ್ಮಲ್ಲಿದೆ. ಈ ಬಾರಿ ನಾನು ಕೈಗೆತ್ತಿಕೊಂಡಿರುವುದು ಅಚ್ಚಾಗದ, ಅಚ್ಚಾಗಬೇಕೆಂಬ ಆಸೆಯನ್ನೂ ಇಟ್ಟುಕೊಳ್ಳದ, ಹನ್ನೆರಡು ಹಾಳೆಗಳ ಒಂದು ಪ್ರಬಂಧವನ್ನು. ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರದ ಕಡೆಯ ಯುವಕನೊಬ್ಬ, ಬೆಂಗಳೂರಿನಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿರುವವನು, ರಜೆಗೆ ಊರಿಗೆ ಬಂದಾಗ ನಮ್ಮ ಯುವಜನರ ಕೂಟದಲ್ಲಿ ಇದನ್ನು ಓದಿದ. ಓದಿ ಮುಗಿಸಿ, "ಫಾದರ್, ತಪ್ಪಿದ್ದರೆ ಗುರುತು ಹಾಕಿಕೊಡಿ" ಎಂದು ಹಾಳೆಗಳನ್ನು ನನ್ನ ಕೈಗಿತ್ತು ಹೋದ. ಅವನ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಪ್ರಬಂಧದಲ್ಲಿರುವುದು ಮೂರು ಅಭಿಪ್ರಾಯಗಳು. ಆಟಗಳನ್ನು ನಿಷೇಧಿಸುವುದು ಪ್ರಾಯಕ್ಕೆ ಬಂದ ಮನುಷ್ಯನಿಗೆ ಮಾಡುವ ಅವಮಾನ, ಇದು ಮೊದಲನೆಯದು. ಹಣ ಕೊಟ್ಟು ಕೊಂಡದ್ದು ಮತ್ತು ನನ್ನ ಕುರಿತ ಮಾಹಿತಿ, ಎರಡೂ ನನ್ನವೇ. ಕಂಪನಿಯವಲ್ಲ, ಸರ್ಕಾರದವೂ ಅಲ್ಲ, ಇದು ಎರಡನೆಯದು. ಮೂರನೆಯದು ಕಂಪ್ಯೂಟರ್ ಸುರಕ್ಷತೆಯ ಕುರಿತದ್ದು: ಮನೆಯ ಬಾಗಿಲಿಗೆ ಬೀಗ ಹಾಕದವನು ಕಳ್ಳನನ್ನು ಬೈದು ಫಲವಿಲ್ಲ, ಜಾಗ್ರತೆ ಅವರವರ ಹೊಣೆ.

ಬರವಣಿಗೆಯ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕಂಪ್ಯೂಟರಿನ ವಿಷಯವನ್ನು ಇಷ್ಟು ತಿಳಿಗನ್ನಡದಲ್ಲಿ ಬರೆಯಬಲ್ಲವರು ನಮ್ಮ ಧರ್ಮಕೇಂದ್ರಗಳಲ್ಲಿ ಇದ್ದಾರೆಂಬುದೇ ನನಗೆ ಸಂತೋಷದ ಸಂಗತಿ. ಆದರೆ ಪ್ರತಿ ಪುಟದಲ್ಲೂ ಎದುರಾಳಿಯನ್ನು ಕಲ್ಪಿಸಿಕೊಂಡು ಜಗಳವಾಡುವ ದನಿಯಿದೆ. ಆ ಎದುರಾಳಿ ಬಹುಮಟ್ಟಿಗೆ ನಾನೇ ಎಂದು ಅರ್ಥವಾಗಲು ನನಗೆ ಮೂರು ಪುಟಗಳು ಬೇಕಾದವು.

ಆಟದ ವಿಷಯದಲ್ಲಿ ಅವನು ಹೇಳುವ ಅರ್ಧ ಮಾತನ್ನು ನಾನು ಒಪ್ಪುತ್ತೇನೆ. ಆಟವೆಂದೊಡನೆ ಹುಬ್ಬು ಗಂಟಿಕ್ಕುವ ನಮ್ಮಂಥವರು ಸಂತ ತೋಮಸ್ ಅಕ್ವಿನಾಸರನ್ನು ಗುರುಮಠದಲ್ಲಿ ಓದಿ ಅಲ್ಲಿಯೇ ಬಿಟ್ಟುಬಂದವರು. ತಮ್ಮ ಮಹಾಗ್ರಂಥದ ಎರಡನೆಯ ಭಾಗದಲ್ಲಿ, 168ನೆಯ ಪ್ರಶ್ನೆಯಡಿ, ಅವರು ವಿನೋದದ ಕುರಿತು ಚರ್ಚಿಸುತ್ತಾರೆ. ಶುಭಸಂದೇಶಕಾರ ಯೊವಾನ್ನರು ಶಿಷ್ಯರೊಡನೆ ಆಟವಾಡುತ್ತಿದ್ದುದನ್ನು ಕಂಡು ಕೆಲವರು ಬೇಸರಪಟ್ಟರಂತೆ. ಅವರಲ್ಲಿ ಬಿಲ್ಲು ಹಿಡಿದಿದ್ದವನಿಗೆ ಯೊವಾನ್ನರು ಬಾಣ ಬಿಡಲು ಹೇಳಿ, ಹೀಗೆಯೇ ಎಡೆಬಿಡದೆ ಬಿಡುತ್ತಿರಬಲ್ಲೆಯಾ ಎಂದು ಕೇಳಿದರು. ಬಿಲ್ಲು ಮುರಿಯುತ್ತದೆ ಎಂದ ಅವನು. ಮನುಷ್ಯನ ಮನಸ್ಸೂ ಹಾಗೆಯೇ ಎಂಬುದು ಕಥೆಯ ತಾತ್ಪರ್ಯ. ವಿನೋದವನ್ನೇ ಅರಿಯದಿರುವುದೂ ಒಂದು ದೋಷ ಎನ್ನುವಷ್ಟರ ಮಟ್ಟಿಗೆ ಅಕ್ವಿನಾಸರು ಮುಂದೆ ಹೋಗುತ್ತಾರೆ. 2025ರ ಸೆಪ್ಟೆಂಬರ್ 7ರಂದು ಸಂತಪದವಿಗೇರಿದ ಕಾರ್ಲೊ ಅಕುಟಿಸ್ ಕೂಡ ವಿಡಿಯೊ ಆಟಗಳನ್ನು ಆಡುತ್ತಿದ್ದ ಹುಡುಗನೇ. ವಾರಕ್ಕೆ ಒಂದು ಗಂಟೆಯೆಂಬ ಮಿತಿಯನ್ನು ತನಗೆ ತಾನೇ ಹಾಕಿಕೊಂಡಿದ್ದನೆಂದು ಅವನ ಚರಿತ್ರೆ ಹೇಳುತ್ತದೆ. ಮಿತಿಯ ಮಾತನ್ನು ನಾವು ಉಪದೇಶಗಳಲ್ಲಿ ಬಳಸಿಕೊಳ್ಳುತ್ತೇವೆ. ಆಡಿದ ಮಾತನ್ನು ಜಾಣತನದಿಂದ ಮರೆಯುತ್ತೇವೆ.

ಆದರೆ ನಮ್ಮ ಪ್ರಬಂಧಕಾರ ಚದುರಂಗವನ್ನೂ ಕಾಲ್ಚೆಂಡಿನ ವಿಡಿಯೊ ಆಟವನ್ನೂ ಹಣ ಕಟ್ಟಿ ಆಡುವ ರಮ್ಮಿಯನ್ನೂ ಒಂದೇ ಗೋಣಿಚೀಲಕ್ಕೆ ತುಂಬುತ್ತಾನೆ. ಅವನ ಆಧಾರ ನಮ್ಮ ಉಚ್ಚ ನ್ಯಾಯಾಲಯದ ತೀರ್ಪು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು, ಆ ವರ್ಷದ ಅಕ್ಟೋಬರ್ 5ರಿಂದ ಆನ್‌ಲೈನಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಉಚ್ಚ ನ್ಯಾಯಾಲಯ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. ಕೌಶಲದ ಆಟ ಬೇರೆ, ಅದೃಷ್ಟದ ಆಟ ಬೇರೆ. ಎರಡನ್ನೂ ಜೂಜೆಂದು ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ ಎಂಬುದು ತೀರ್ಪಿನ ತಿರುಳು. 1957ರಿಂದಲೂ ನಮ್ಮ ನ್ಯಾಯಾಲಯಗಳು ನಡೆದುಬಂದ ದಾರಿಯೇ ಅದು.

ದಾರಿ ಹಳೆಯದು, ವಾಹನ ಹೊಸದು. ನನ್ನ ತಕರಾರು ಇರುವುದು ಇಲ್ಲಿ. ಹಳ್ಳಿಯ ಜಗಲಿಯ ಮೇಲೆ ನಾಲ್ವರು ಇಸ್ಪೀಟು ಆಡುತ್ತಾರೆನ್ನಿ. ಅದು ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಆದರೆ ಆ ನಾಲ್ವರೂ ಪರಸ್ಪರರ ಜೇಬನ್ನು ಬಲ್ಲರು. ಯಾರ ಮನೆಯಲ್ಲಿ ಬಾಣಂತಿಯಿದ್ದಾಳೆ, ಯಾರ ಹೊಗೆಸೊಪ್ಪು ಇನ್ನೂ ಹರಾಜಾಗಿಲ್ಲ ಎಂಬುದನ್ನು ಬಲ್ಲರು. ಒಬ್ಬ ಮಿತಿಮೀರಿ ಸೋತಾಗ ಇನ್ನೊಬ್ಬ ಎಲೆಗಳನ್ನು ಮಡಚಿ, "ಸಾಕು, ಎದ್ದು ಮನೆಗೆ ನಡಿ" ಎನ್ನುತ್ತಾನೆ. ಫೋನಿನೊಳಗಿನ ಆಟದಲ್ಲಿ ಹಾಗೆನ್ನುವವರು ಯಾರೂ ಇಲ್ಲ. ಅಲ್ಲಿಯೂ ಅವನನ್ನು ಬಲ್ಲವರೊಬ್ಬರು ಇದ್ದಾರೆ. ಅವನು ರಾತ್ರಿ ಎರಡು ಗಂಟೆಗೆ ಆಡುತ್ತಾನೆಂದು, ಸೋತ ಮೇಲೆ ದುಪ್ಪಟ್ಟು ಕಟ್ಟುತ್ತಾನೆಂದು, ಮೂರು ದಿನ ಬಿಟ್ಟರೆ ಒಂದು ಚಿಕ್ಕ ಉಡುಗೊರೆಯ ಆಸೆ ತೋರಿಸಿದರೆ ಮರಳುತ್ತಾನೆಂದು ಬಲ್ಲ ಯಂತ್ರ ಅದು. ಬಲ್ಲದು, ಆದರೆ ಮನೆಗೆ ಕಳುಹಿಸುವುದಿಲ್ಲ. ಆಟಗಾರನ ಕೌಶಲವನ್ನು ಅಳೆಯುವ ನ್ಯಾಯ, ಆಡಿಸುವವನ ಕೌಶಲವನ್ನೂ ಅಳೆಯಬೇಡವೆ?

ಕಥೋಲಿಕ ಧರ್ಮಸಭೆಯ ಸತ್ಯೋಪದೇಶ ಗ್ರಂಥದ 2413ನೆಯ ಪರಿಚ್ಛೇದ ಈ ವಿಷಯದಲ್ಲಿ ನಾವೆಣಿಸುವುದಕ್ಕಿಂತ ಸೌಮ್ಯವಾಗಿದೆ, ನಿಖರವಾಗಿಯೂ ಇದೆ. ಅದೃಷ್ಟದ ಆಟವನ್ನಾಗಲಿ ಪಣವನ್ನಾಗಲಿ ಅದು ತನ್ನಷ್ಟಕ್ಕೆ ಅನ್ಯಾಯವೆನ್ನುವುದಿಲ್ಲ. ತನ್ನ ಮತ್ತು ತನ್ನವರ ಅಗತ್ಯಕ್ಕೆ ಬೇಕಾದುದನ್ನು ಅದು ಕಸಿದುಕೊಂಡಾಗ ಒಪ್ಪತಕ್ಕದ್ದಲ್ಲ ಎನ್ನುತ್ತದೆ. ಆ ಗೀಳು ದಾಸ್ಯವಾಗುವ ಅಪಾಯವನ್ನು ಹೇಳುತ್ತದೆ. ಅಂದರೆ ಅದು ನೋಡುವುದು ಇಸ್ಪೀಟಿನ ಎಲೆಯನ್ನಲ್ಲ, ಮನೆಯ ಅಕ್ಕಿಯ ಡಬ್ಬಿಯನ್ನು.

2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲ-ಅದೃಷ್ಟಗಳ ಭೇದವನ್ನೇ ಬದಿಗಿಟ್ಟು, ಹಣ ಕಟ್ಟಿ ಆಡಿಸುವ ಎಲ್ಲ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಎರಡು ಸದನಗಳ ಒಪ್ಪಿಗೆ ಎರಡೇ ದಿನಗಳಲ್ಲಿ ದೊರೆಯಿತು, 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ವರ್ಷಕ್ಕೆ ಸುಮಾರು 45 ಕೋಟಿ ಜನ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಾರೆಂಬುದು ಸರ್ಕಾರ ಆಗ ಕೊಟ್ಟ ಅಂದಾಜು. ಆಡಿಸುವವರಿಗೆ ಮೂರು ವರ್ಷಗಳವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ, ಆಡಿದವನಿಗೆ ಶಿಕ್ಷೆಯಿಲ್ಲ. ಈ ಕೊನೆಯ ಅಂಶವನ್ನು ಪ್ರಬಂಧಕಾರ ಪ್ರಸ್ತಾಪಿಸುವುದೇ ಇಲ್ಲ. ಪ್ರಸ್ತಾಪಿಸಿದ್ದರೆ "ಮನುಷ್ಯನಿಗೆ ಅವಮಾನ" ಎಂಬ ಅವನ ವಾದ ಸ್ವಲ್ಪ ಸಡಿಲವಾಗುತ್ತಿತ್ತು. ಎರಡು ದಿನಗಳಲ್ಲಿ ಇಂಥ ಕಾಯಿದೆ ಮಾಡಬಾರದಿತ್ತು, ಇಲ್ಲಿ ಮುಚ್ಚಿದ ಅಂಗಡಿ ಪರದೇಶದಲ್ಲಿ ಕದ ತೆರೆದು ಇಲ್ಲಿನವರನ್ನೇ ಕರೆಯುತ್ತದೆ ಎಂಬ ಅವನ ಆಕ್ಷೇಪವನ್ನು ಮಾತ್ರ ನಾನು ತಳ್ಳಿಹಾಕಲಾರೆ.

ಇಲ್ಲೊಂದು ನನ್ನದೇ ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರದ ಪ್ರಬೋಧನೆಯಲ್ಲಿ, ಫೋನಿನಲ್ಲಿ ಜೂಜಾಡುವವರನ್ನು ನಾನು ಶಿಲುಬೆಯ ಬುಡದಲ್ಲಿ ಯೇಸುವಿನ ಅಂಗಿಗಾಗಿ ಚೀಟು ಹಾಕಿದ ಸೈನಿಕರಿಗೆ ಹೋಲಿಸಿದೆ. ಹೋಲಿಕೆ ಚೆನ್ನಾಗಿದೆಯೆಂದು ನನಗನಿಸಿತ್ತು. ಬಲಿಪೂಜೆಯ ಬಳಿಕ ಹಿರಿಯರು ಮೆಚ್ಚಿಯೂ ಮಾತನಾಡಿದರು. ಅಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ, ಶುಂಠಿ ಮಾರಿ ಬಂದ ಹಣವನ್ನೂ ಅದರ ಮೇಲೆ ಮಾಡಿದ ಕೈಸಾಲವನ್ನೂ ರಮ್ಮಿಯಲ್ಲಿ ಕಳೆದಿದ್ದ. ಅವನು ಆ ವಾರ ನನ್ನ ಬಳಿ ಬರಬೇಕೆಂದುಕೊಂಡಿದ್ದನಂತೆ. ಬರಲಿಲ್ಲ. ಅವನು ಹೋದದ್ದು ಈ ಪ್ರಬಂಧ ಬರೆದ ಯುವಕನ ಬಳಿಗೆ. ಯುವಕ ಬೈಯಲಿಲ್ಲ, ಆ ಆಟವನ್ನು ಫೋನಿನಿಂದ ತೆಗೆಸಿ, ಸಾಲದ ಲೆಕ್ಕ ಬರೆಸಿ, ಹೆಂಡತಿಗೆ ತಿಳಿಸಲು ಅವನ ಜೊತೆ ತಾನೂ ಹೋದ. ಇದೆಲ್ಲ ನನಗೆ ತಿಳಿದದ್ದು ವರ್ಷದ ಮೇಲೆ, ಆ ಮನುಷ್ಯನೇ ಹೇಳಿದಾಗ. ಬರೆಯಿರಿ ಎಂದವನೂ ಅವನೇ. ಅವನನ್ನು ಸೈನಿಕರ ಸಾಲಿನಲ್ಲಿ ನಿಲ್ಲಿಸಿದ್ದೆ. ಅಂಗಿ ಹೋದದ್ದು ಅವನದು.

ಎರಡನೆಯ ಅಭಿಪ್ರಾಯವೇ ಪ್ರಬಂಧದ ಜೀವ. 2009ರಲ್ಲಿ ಅಮೆಜಾನ್ ಕಂಪನಿ, ಜನ ಹಣ ಕೊಟ್ಟು ಕೊಂಡಿದ್ದ ಜಾರ್ಜ್ ಆರ್ವೆಲ್‌ರ ಕೃತಿಗಳ ಕೆಲವು ಪ್ರತಿಗಳನ್ನು ಅವರ ಓದುಯಂತ್ರಗಳಿಂದ ದೂರದಿಂದಲೇ ಅಳಿಸಿಹಾಕಿದ ಪ್ರಸಂಗದಿಂದ ಅವನು ಆರಂಭಿಸುತ್ತಾನೆ. ಮಾರಿದವರಿಗೆ ಹಕ್ಕಿರಲಿಲ್ಲವೆಂಬುದು ಕಾರಣ, ಹಣವನ್ನೇನೋ ಹಿಂದಿರುಗಿಸಿದರು. 2024ರಲ್ಲಿ ಯೂಬಿಸಾಫ್ಟ್ ತನ್ನ ಕಾರು ಓಟದ ಆಟವೊಂದರ ಸರ್ವರ್ ಮುಚ್ಚಿದಾಗ, ಕೊಂಡವರ ಬಳಿ ಉಳಿದದ್ದು ಆಡಲಾಗದ ತಟ್ಟೆಗಳು. ಆ ಅಸಮಾಧಾನದಿಂದ ಹುಟ್ಟಿದ ಚಳವಳಿಗೆ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಸಹಿಗಳು ಬಂದವು. ಆಟಕ್ಕೆ ಇಷ್ಟು ರಂಪವೇ ಎಂದು ನೀವು ನಗಬಹುದು. ನಾನೂ ನಕ್ಕಿದ್ದೆ. ಆಮೇಲೆ ನನ್ನ ಮೇಜಿನ ಮೇಲಿನ ಪ್ರಾರ್ಥನಾ ಪುಸ್ತಕ ಕಣ್ಣಿಗೆ ಬಿತ್ತು. ಅದು ನನ್ನ ಅಜ್ಜಿಯದು. ಅಂಚಿನಲ್ಲಿ ಅವಳ ಮಕ್ಕಳ ಜನನ, ಮರಣದ ದಿನಾಂಕಗಳಿವೆ. ಇಂದಿನ ಪ್ರಾರ್ಥನಾ ಪುಸ್ತಕಗಳು ಫೋನಿನೊಳಗಿವೆ. ಮೊಮ್ಮಗನಿಗೆ ಅವನ್ನು ಹೇಗೆ ಬಿಟ್ಟುಹೋಗುವುದು?

ಖಾಸಗಿತನದ ಕುರಿತು ಅವನು ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರನ್ನು ನೆನೆಯುತ್ತಾನೆ, ನೆನೆಯಲೇಬೇಕು. ಕರ್ನಾಟಕ ಉಚ್ಚ ನ್ಯಾಯಾಲಯದಿಂದ ನಿವೃತ್ತರಾಗಿದ್ದ ಆ ಹಿರಿಯರು 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಅದರ ಫಲವಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಮರುವರ್ಷದ ತೀರ್ಪು ಆಧಾರನ್ನು ಬಹುಮಟ್ಟಿಗೆ ಎತ್ತಿಹಿಡಿದರೂ ಖಾಸಗಿ ಕಂಪನಿಗಳು ಅದನ್ನು ಬಳಸಲು ಅವಕಾಶವಿತ್ತಿದ್ದ ನಿಯಮವನ್ನು ಹೊಡೆದುಹಾಕಿತು. ಪುಟ್ಟಸ್ವಾಮಿಯವರು 2024ರಲ್ಲಿ, 98ರ ವಯಸ್ಸಿನಲ್ಲಿ ತೀರಿಕೊಂಡರು.

ಗುಟ್ಟು ಕಾಯುವುದೆಂದರೇನೆಂದು ಯಾಜಕನಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಪಾಪನಿವೇದನೆಯ ಮುದ್ರೆ ಮುರಿಯಲಾಗದ್ದು, ಅದು ಹಾಗಿರುವುದರಿಂದಲೇ ಜನ ಅಲ್ಲಿ ಬಾಯಿ ಬಿಡುತ್ತಾರೆ. ಸತ್ಯೋಪದೇಶದ 2489ನೆಯ ಪರಿಚ್ಛೇದ, ತಿಳಿಯುವ ಹಕ್ಕಿಲ್ಲದವನಿಗೆ ಸತ್ಯವನ್ನು ತೆರೆದಿಡುವ ಕಟ್ಟುಪಾಡು ಯಾರಿಗೂ ಇಲ್ಲವೆನ್ನುತ್ತದೆ. ಟಾರ್ಚು ಬೆಳಗಿಸುವ ಆ್ಯಪೊಂದು ನಿಮ್ಮ ಬಂಧುಗಳ ಫೋನ್ ಸಂಖ್ಯೆಗಳನ್ನೆಲ್ಲ ಕೇಳಿದಾಗ ಈ ಮಾತು ನೆನಪಿರಲಿ. ಆದರೆ ಪ್ರಬಂಧಕಾರನಿಗೆ ಒಂದು ಪ್ರಶ್ನೆ. ತನ್ನ ಮಾಹಿತಿಯನ್ನು ಕಂಪನಿಗಳು ಕದಿಯುತ್ತವೆಂದು ಎಂಟನೆಯ ಪುಟದಲ್ಲಿ ಕೋಪಿಸಿಕೊಳ್ಳುವವನು, ಮನುಷ್ಯನ ದೌರ್ಬಲ್ಯದ ಮಾಹಿತಿಯನ್ನೇ ಬಂಡವಾಳ ಮಾಡಿಕೊಂಡ ಹಣದ ಆಟಗಳನ್ನು ಮೂರನೆಯ ಪುಟದಲ್ಲಿ ಹೇಗೆ ಸಮರ್ಥಿಸಿದ? ಎರಡು ಪುಟಗಳು ಒಂದನ್ನೊಂದು ಓದಿಯೇ ಇಲ್ಲ.

ಇನ್ನು ಬೀಗದ ಮಾತು. ಉದ್ದನೆಯ ಪಾಸ್‌ವರ್ಡ್, ಒಂದೊಂದು ಕಡೆಗೆ ಬೇರೆ ಬೇರೆ, ಒಟಿಪಿಯನ್ನು ಯಾರಿಗೂ ಹೇಳದಿರುವುದು, ಬಂದ ಕೊಂಡಿಯನ್ನೆಲ್ಲ ಒತ್ತದಿರುವುದು, ಹಣ ಹೋದರೆ ತಡಮಾಡದೆ 1930ಕ್ಕೆ ಕರೆಮಾಡುವುದು: ಅವನ ಸಲಹೆಗಳೆಲ್ಲ ಉಪಯುಕ್ತ. ಅಷ್ಟರಿಂದ "ಕಳೆದುಕೊಂಡವನದೇ ತಪ್ಪು" ಎಂಬ ತೀರ್ಮಾನಕ್ಕೆ ಜಿಗಿಯುವುದು ಮಾತ್ರ ಅನ್ಯಾಯ. 2023ರಲ್ಲಿ ನಮ್ಮ ರಾಜ್ಯದಲ್ಲಿ ನಡೆದುದನ್ನು ನೋಡಿ. ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಬ್ಯಾಂಕ್ ಖಾತೆಗಳಿಂದ ಹಣ ಮಾಯವಾಯಿತು. ಅವರು ಒಟಿಪಿ ಹೇಳಿರಲಿಲ್ಲ, ಕೊಂಡಿ ಒತ್ತಿರಲಿಲ್ಲ. ಕ್ರಯಪತ್ರದ ಮೇಲೆ ಒತ್ತಿದ್ದ ಬೆರಳಚ್ಚಿನ ಪ್ರತಿಯಿಂದ ನಕಲಿ ಬೆರಳಚ್ಚು ಮಾಡಿ, ಆಧಾರ್ ಮೂಲಕ ನಗದು ಕೊಡುವ ವ್ಯವಸ್ಥೆಯಲ್ಲಿ ಬಳಸಿ ಹಣ ತೆಗೆದಿದ್ದರೆಂದು ಪೊಲೀಸರ ತನಿಖೆ ಹೇಳಿತು. ಬೆರಳಚ್ಚು ಕೊಡಬೇಕೆಂದದ್ದು ಕಾನೂನು; ಕಾಯಬೇಕಾದವರು ಕಾಯಲಿಲ್ಲ. ಬೀಗ ಹಾಕದವರು ಯಾರು?

ಹಿಂದೆ ಓದುಬರಹ ತಿಳಿಯದವರನ್ನು ಹೆಬ್ಬೆಟ್ಟಿನವರು ಎಂದು ಹಗುರವಾಗಿ ಕರೆಯುತ್ತಿದ್ದೆವು. ಈಗ ಪಡಿತರಕ್ಕೂ ಪಿಂಚಣಿಗೂ ಎಲ್ಲರೂ ಹೆಬ್ಬೆಟ್ಟಿನವರೇ. ಪಾಸ್‌ವರ್ಡ್ ಕದ್ದುಹೋದರೆ ಬದಲಿಸಬಹುದು, ಹೆಬ್ಬೆರಳನ್ನು ಬದಲಿಸಲಾಗದು. ಕೋಟೆ ತಾಲ್ಲೂಕಿನಲ್ಲಿ ಹತ್ತಿ ಬಿಡಿಸಿ, ಹೊಗೆಸೊಪ್ಪು ಮುರಿದು ಸವೆದ ಬೆರಳನ್ನು ಪಡಿತರದ ಯಂತ್ರ ಒಪ್ಪದೆ ಮುದುಕಿಯೊಬ್ಬಳು ಮೂರು ಸಲ, ನಾಲ್ಕು ಸಲ ಸೆರಗಿಗೆ ಉಜ್ಜಿ ಉಜ್ಜಿ ಒತ್ತುವುದನ್ನು ನಾನು ನಿಂತು ನೋಡಿದ್ದೇನೆ. ಒಡತಿಯ ಬೆರಳನ್ನು ಗುರುತಿಸದ ಯಂತ್ರದ ಜಾತಿಯೇ ಕಳ್ಳನ ನಕಲಿ ಬೆರಳನ್ನು ನಂಬಿತು. ಅವಳಿಗೆ ಜಾಗ್ರತೆಯ ಪಾಠ ಹೇಳುವುದು ಹೇಗೆ? 2023ರ ದತ್ತಾಂಶ ರಕ್ಷಣಾ ಕಾಯಿದೆ, ಮಾಹಿತಿಯನ್ನು ಕಾಯದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮುಖ್ಯ ಕಟ್ಟಳೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶವಿತ್ತರು. ಅಂದರೆ ಹೊಣೆ ಕೇವಲ ಅವರವರದಲ್ಲವೆಂದು ಕಾನೂನೂ, ತಡವಾಗಿಯಾದರೂ, ಒಪ್ಪಿದೆ.

ಇಷ್ಟನ್ನೂ ಅಂಚಿನಲ್ಲಿ ಬರೆದು ಹಾಳೆಗಳನ್ನು ಹಿಂದಿರುಗಿಸಿದೆ. ಅವನು ಮುಖಮಂಟಪದ ಮೆಟ್ಟಿಲ ಮೇಲೆಯೇ ಕುಳಿತು ಎಲ್ಲವನ್ನೂ ಓದಿದ. ಮೊದಲ ಭಾಗದ ಬಗ್ಗೆ ಇನ್ನೂ ವಾದವಿದೆ ಎಂದ. ಮೂರನೆಯದನ್ನು ಮತ್ತೆ ಬರೆಯುತ್ತೇನೆಂದ. ಅದಕ್ಕೆ ಮೊದಲು ಮುಂದಿನ ರಜೆಯಲ್ಲಿ ಮನೆಮನೆಗೆ ಹೋಗಿ ವಯಸ್ಸಾದವರ ಆಧಾರ್ ಬೆರಳಚ್ಚಿಗೆ ಲಾಕ್ ಹಾಕಿಕೊಡುವ, ಪಡಿತರದ ದಿನ ತೆಗೆಯುವುದು ಹೇಗೆಂದು ಮನೆಯ ಮಕ್ಕಳಿಗೆ ಕಲಿಸುವ ಕೆಲಸವಿದೆ ಎಂದ. ಆಮೇಲೆ, "ಫಾದರ್, ಜ್ಞಾನಸ್ನಾನ, ಮದುವೆಗಳ ದಾಖಲೆಗಳೆಲ್ಲ ಇರುವ ನಿಮ್ಮ ಕಂಪ್ಯೂಟರಿನ ಪಾಸ್‌ವರ್ಡ್ ಏನು?" ಎಂದು ಕೇಳಿದ. ಯಾರಿಗೂ ಹೇಳಬಾರದೆಂದು ನೀನೇ ಬರೆದಿದ್ದೀಯಲ್ಲ ಎಂದೆ.

"ಹೇಳಬೇಡಿ. ನಮ್ಮ ದೇವಾಲಯದ ಪಾಲಕ ಸಂತರ ಹೆಸರು, ಮುಂದೆ ಒಂದು ಎರಡು ಮೂರು. ಅಲ್ಲವೆ?"

ಅಂದು ಸಂಜೆ ಜಪಸರದ ಪ್ರಾರ್ಥನೆಗೆ ಮುಂಚೆ ಅದನ್ನು ಬದಲಿಸಿದೆ.