ಹೊರಸು, ಪಾಯಾ, ಪ್ಲಾಸ್ಟರು

ಶಹಾಬಾದಿನಲ್ಲಿ ಯಾರದಾದರೂ ಕಾಲು ಮುರಿಯಿತೆಂದರೆ ಊರು ಕೇಳುವುದು ಮೂರೇ ಮಾತು: ಯಾವ ದವಾಖಾನಿ, ರಾಡೋ ಪ್ಲಾಸ್ಟರೋ, ಪಾಯಾ ಕುಡಿಸಿದಿರೋ ಇಲ್ಲವೋ. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಯಲ್ಲೂ ಆರೈಕೆಯ ರೀತಿ ಇದೇ. ಪಡಸಾಲೆಯಲ್ಲಿ ಹೊರಸು ಬೀಳುತ್ತದೆ. ಎದ್ದು ಕೂಡಲು ಹೋದರೆ "ಅಲುಗಾಡಬ್ಯಾಡಪಾ, ಎಲುಬು ಕೂಡ್ಲಿ" ಎಂದು ಅವ್ವ ಗದರುತ್ತಾಳೆ. ಅವಳ ಅಂತಃಕರಣದ ಬಗ್ಗೆ ನನ್ನ ತಕರಾರಿಲ್ಲ. ಆದರೆ ದವಾಖಾನಿಯವರು ಕಾಲಿಗಷ್ಟೇ ಹಾಕಿ ಕಳಿಸಿದ ಪ್ಲಾಸ್ಟರನ್ನು ನಾವು ಇಡೀ ಮನುಷ್ಯನಿಗೇ ಹಾಕಿಬಿಡುತ್ತೇವೆ.

ಮೊದಲು ಪಾಯಾ. ತಾಸುಗಟ್ಟಲೆ ಕುದಿಸಿದ ಆಡಿನ ಕಾಲಿನ ರಸ ಬಟ್ಟಲಲ್ಲಿ ಆರಿದಾಗ ಮೇಲೆ ನೆಣದ ಕೆನೆ ಕಟ್ಟುತ್ತದೆ, ಕೆಳಗೆ ಅಂಟಾಗಿ ಹೆಪ್ಪುಗಟ್ಟುತ್ತದೆ. ಆ ಅಂಟೇ ಎಲುಬನ್ನು ಅಂಟಿಸುತ್ತದೆಂದು ನಂಬಿಕೆ. ರುಚಿಯ ಮಾತಾದರೆ ಪೂರ್ತಿ ಅಂಕ ಕೊಡುತ್ತೇನೆ. ಔಷಧಿ ಎಂದರೆ ಒಪ್ಪಲಾರೆ. ಎಷ್ಟು ಕುದಿಸಿದರೂ ಎಲುಬಿನ ಸುಣ್ಣ ರಸಕ್ಕಿಳಿಯುವುದು ತೀರ ಕಡಿಮೆ. ಅಂಟು ಎಂಬುದು ಜೆಲಾಟಿನ್. ದೇಹಕ್ಕೆ ಬೇಕೇಬೇಕಾದ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ ಅದರಲ್ಲಿಲ್ಲ. ನೆಣವಂತೂ ಮಲಗಿದವನ ಹೊಟ್ಟೆಯಲ್ಲೇ ಉಳಿಯುತ್ತದೆ.

ನಾವು ಬದುಕುವುದು ಸುಣ್ಣಕಲ್ಲಿನ ಮೇಲೆ. ಶಹಾಬಾದಿನ ಫರಸಿ, ವಾಡಿ ಮತ್ತು ಸೇಡಂನ ಸಿಮೆಂಟು ಎಲ್ಲ ಅದರದೇ. ತಟ್ಟೆಯಲ್ಲಿ ಮಾತ್ರ ಸುಣ್ಣಕ್ಕೆ ಬರ: 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ ಸುಮಾರು 30 ಮಿಲಿಗ್ರಾಂ, ರಾಗಿಯಲ್ಲಿ 300ಕ್ಕೂ ಮೇಲೆ. ದಿನಕ್ಕೆ ಬೇಕಾದದ್ದು 1000. ಹಾಗೆಂದು ರೊಟ್ಟಿ ಬಿಡಬೇಕಿಲ್ಲ. ಒಂದು ರೊಟ್ಟಿ ಇಳಿಸಿ, ಮೊಸರು ಎರಡು ಬಟ್ಟಲು ಮಾಡಿ, ಬೇಳೆ ಗಟ್ಟಿ ಮಾಡಿದರೆ ಅರ್ಧ ಕೆಲಸ ಆಯಿತು. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ತೊಗರಿಯ ನಾಡು ಇದು; 100 ಗ್ರಾಂ ಬೇಳೆಯಲ್ಲಿ 22 ಗ್ರಾಂನಷ್ಟು ಪ್ರೋಟೀನು. ಆ ಬೇಳೆಯನ್ನು ನೀರುಸಾರು ಮಾಡಿ ರೋಗಿಗೆ ಬಡಿಸುತ್ತೇವಲ್ಲ, ಅದನ್ನೇನೆನ್ನುವುದು!

ತೂಕದ ಮಾತೂ ಎಲ್ಲರಿಗೂ ಒಂದೇ ಅಲ್ಲ. ಅಂಗಡಿಯ ಸಾಹುಕಾರ ಹೊರಸು ಬಿಡುವಷ್ಟರಲ್ಲಿ ದಪ್ಪಗಾಗಿರುತ್ತಾನೆ. ಖಣಿಯಲ್ಲಿ ಕಲ್ಲು ಎತ್ತುವವನ ಪಗಾರ ಬಿದ್ದ ದಿನವೇ ನಿಲ್ಲುತ್ತದೆ, ಅವನು ಒಣಗುತ್ತಾನೆ. ಅವನಿಗೆ "ಕಡಿಮೆ ಉಣ್ಣು" ಎನ್ನುವುದು ತಪ್ಪು ಸಲಹೆ, ಎಲುಬು ಕೂಡಲು ಹೊಟ್ಟೆತುಂಬ ಅನ್ನ ಬೇಕು. ಮಾತಾಡಿಸಲು ಬಂದವರು ಕೊಡುವ ಬೀಡಿ ಇಬ್ಬರಿಗೂ ಕೆಟ್ಟದ್ದು, ಹೊಗೆ ಎಲುಬು ಕೂಡುವುದನ್ನು ತಡಮಾಡುತ್ತದೆ.

ಇನ್ನು ಹೊರಸು. ಪ್ಲಾಸ್ಟರು ಬಿಚ್ಚಿದ ದಿನ ಎರಡೂ ತೊಡೆ ಪಕ್ಕಪಕ್ಕ ನೋಡಿ. ಒಂದು ಬಡಕಲಾಗಿ ಜೋತುಬಿದ್ದಿರುತ್ತದೆ. ಸ್ನಾಯು ಕರಗುವುದಕ್ಕೆ ಕೆಲವೇ ದಿನ ಸಾಕು, ಮರಳಿ ಕಟ್ಟುವುದಕ್ಕೆ ತಿಂಗಳುಗಳು. ವೈದ್ಯರು ಒಪ್ಪಿದರೆ ಕಾಲು ಚಾಚಿ ತೊಡೆ ಬಿಗಿಹಿಡಿದು ಹತ್ತೆಣಿಸಿ ಬಿಡುವುದು, ಪ್ಲಾಸ್ಟರಿನ ಹೊರಗಿರುವ ಬೆರಳಾಡಿಸುವುದು, ಕೂತಲ್ಲೇ ನೀರಿನ ಬಾಟಲಿ ಹಿಡಿದು ಕೈ ಎತ್ತಿಳಿಸುವುದು: ಇಷ್ಟಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಹೊರಸಿನಿಂದ ಕುರ್ಚಿಗೆ ಬಂದರೂ ಗೆದ್ದಂತೆ.

ದವಾಖಾನಿಯ ಚೀಟಿಗೂ ನಾನು ಹೆಚ್ಚು ಅಂಕ ಕೊಡಲಾರೆ. ಗುಳಿಗೆಯ ಹೆಸರಿರುತ್ತದೆ, "ರೆಸ್ಟ್" ಎಂದಿರುತ್ತದೆ. ಯಾವುದಕ್ಕೆ ರೆಸ್ಟ್, ಎಷ್ಟು ದಿನ, ಬರೆದಿರುವುದಿಲ್ಲ. ಮನೆಮಂದಿ ಅದನ್ನು ಮೂರು ತಿಂಗಳೆಂದು ಓದಿಕೊಳ್ಳುತ್ತಾರೆ. ಮುಂದಿನ ಸಲ ಎಕ್ಸ್‌ರೇ ತೋರಿಸಲು ಹೋದಾಗ ಎರಡೇ ಪ್ರಶ್ನೆ ಕೇಳಿ: ಈ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು, ಯಾವ ದಿನದಿಂದ? ಉತ್ತರವನ್ನು ಅದೇ ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಂಡು ಬಂದು ಅವ್ವನ ಕೈಗೆ ಕೊಡಿ.