ಔಷಧದಾನದಲ್ಲಿ ಮಾತಿನ ಪಾಲು

ಶ್ರಾವಕನಿಗೆ ವಿಹಿತವಾದ ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ಆಹಾರ, ಅಭಯ, ಶಾಸ್ತ್ರದಾನಗಳ ಸಾಲಿನಲ್ಲಿಯೇ ಅದಕ್ಕೆ ಸ್ಥಾನವಿರುವುದರಿಂದ, ರೋಗಿಯ ಉಪಚಾರವು ಕೇವಲ ಲೌಕಿಕ ಪರೋಪಕಾರವಲ್ಲ, ಧರ್ಮಾಚರಣೆಯ ಅಂಗವೇ ಆಗಿದೆ. ಕರ್ನಾಟಕದ ಜೈನರಿಗಂತೂ ವೈದ್ಯವು ಹೊರಗಿನಿಂದ ಬಂದ ವಿದ್ಯೆಯಲ್ಲ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲಕ್ಕೆ ಸೇರಿದ ಉಗ್ರಾದಿತ್ಯಾಚಾರ್ಯರು ಮಾಂಸವನ್ನು ಔಷಧವಾಗಿ ಬಳಸುವುದನ್ನು ಖಂಡಿಸಿ ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವನ್ನು ರಚಿಸಿದರು. 12ನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದನು. 14ನೆಯ ಶತಮಾನದ ಮಂಗರಾಜನು ವಿಷಚಿಕಿತ್ಸೆಯನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ಬರೆದನು. ಇಂತಹ ಪರಂಪರೆಯ ವಾರಸುದಾರರಾದ ಶ್ರಾವಕರು, ಇಂದಿನ ಆಸ್ಪತ್ರೆಗಳಲ್ಲಿ ರೋಗಿಗೆ ಏನು ದೊರೆಯುತ್ತಿದೆ, ಏನು ದೊರೆಯುತ್ತಿಲ್ಲ ಎಂಬುದನ್ನು ವಿಮರ್ಶಿಸದೆ ಇರುವುದು ಉಚಿತವಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯಲ್ಲಿ ಈ ವಿಮರ್ಶೆಗೆ ಸಾಕಷ್ಟು ಕಾರಣವಿದೆ. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು. 2018ರಲ್ಲಿ ಬೈಂದೂರು ಮತ್ತು ಬ್ರಹ್ಮಾವರಗಳು ತಾಲೂಕುಗಳಾದವು. ಕಚೇರಿಗಳು ಜನರ ಸಮೀಪಕ್ಕೆ ಬಂದವು. ಆದರೆ ರೋಗವು ಕಠಿಣವಾದೊಡನೆ ದಕ್ಷಿಣಕ್ಕೆ, ಉಡುಪಿ, ಮಣಿಪಾಲ, ಮಂಗಳೂರುಗಳ ಕಡೆಗೆ, ಧಾವಿಸುವುದು ಇಂದಿಗೂ ತಪ್ಪಿಲ್ಲ. ಬೈಂದೂರಿನಿಂದ ಹೊರಟವರಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅದು ಸುಮಾರು 70 ಕಿಲೋಮೀಟರಿಗೂ ಮೀರಬಹುದಾದ ದಾರಿ. 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಸ್ಥಾಪನೆಯಾದ ಮೇಲೆ ಈ ಕರಾವಳಿಗೆ ದೊರೆತ ಉಪಕಾರ ಸಣ್ಣದಲ್ಲ. ಪರವೂರಿನವರೂ ಚಿಕಿತ್ಸೆಗಾಗಿ ಅರಸಿ ಬರುವ ಸೀಮೆಯಿದು. ಯಂತ್ರಗಳಿಲ್ಲ, ತಜ್ಞರಿಲ್ಲ ಎಂಬ ಕೊರಗು ಇಲ್ಲಿ ಮುಖ್ಯವಲ್ಲ. ಆಸ್ಪತ್ರೆಯಿಂದ ಮರಳಿದ ಮನೆಗಳಲ್ಲಿ ಕೇಳಿಬರುವ ಮಾತು ಬೇರೆಯದು: “ನಮಗೆ ಯಾರೂ ಏನೂ ಹೇಳಲಿಲ್ಲ.”

ಇದು ಯಾವುದೇ ಒಂದು ಸಂಸ್ಥೆಯ ಕಥೆಯಲ್ಲ. ಇದರ ಸ್ವರೂಪವನ್ನು ಕರಾವಳಿಯ ಬಹುತೇಕ ಕುಟುಂಬಗಳು ಗುರುತಿಸಬಲ್ಲವು. ನಡುರಾತ್ರಿ 108 ವಾಹನದಲ್ಲಿ ವೃದ್ಧೆಯೊಬ್ಬರನ್ನು ಕರೆತರಲಾಗುತ್ತದೆ. ತೀವ್ರ ನಿಗಾ ಘಟಕದ ಬಾಗಿಲು ಮುಚ್ಚುತ್ತದೆ. ಮಕ್ಕಳು ಹೊರಗಿನ ಬೆಂಚಿನ ಮೇಲೆ ಕುಳಿತು ಬೆಳಗು ಮಾಡುತ್ತಾರೆ. ಹಿರಿಯ ವೈದ್ಯರು ಬಂದು ನೋಡಿ ಹೋಗುವ ಹೊತ್ತಿಗೆ ಅವರು ಔಷಧದಂಗಡಿಯಲ್ಲಿಯೋ ವಿಮೆಯ ಕಾಗದದ ಸರದಿಯಲ್ಲಿಯೋ ಇರುತ್ತಾರೆ. ಸಿಕ್ಕ ಕಿರಿಯ ವೈದ್ಯರನ್ನು ಕೇಳಿದರೆ “ನೋಡೋಣ” ಎನ್ನುತ್ತಾರೆ. ದಾದಿಯನ್ನು ಕೇಳಿದರೆ “ಡಾಕ್ಟರನ್ನು ಕೇಳಿ” ಎನ್ನುತ್ತಾರೆ. ಖರ್ಚಿನ ಲೆಕ್ಕ ಮಾತ್ರ ದಿನವೂ ತಪ್ಪದೆ ತಿಳಿಯುತ್ತದೆ. ಐದನೆಯ ದಿನ ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆಯೊಂದಕ್ಕೆ ರುಜು ಬೇಕೆಂದು ಕರೆ ಬರುತ್ತದೆ; ಆರನೆಯ ದಿನ ಎಲ್ಲವೂ ಮುಗಿದಿರುತ್ತದೆ. ಚಿಕಿತ್ಸೆ ಶಾಸ್ತ್ರೋಕ್ತವಾಗಿಯೇ ನಡೆದಿರಬಹುದು. ಆದರೆ ತಾಯಿ ಉಳಿಯುವುದು ಕಷ್ಟವೆಂದು ವೈದ್ಯರಿಗೆ ಯಾವ ದಿನ ತಿಳಿಯಿತು, ಮಕ್ಕಳಿಗೆ ಯಾವ ದಿನ ತಿಳಿಸಲಾಯಿತು ಎಂಬ ಎರಡು ದಿನಗಳ ನಡುವಣ ಅಂತರವು ಆ ಮನೆಯನ್ನು ವರ್ಷಗಟ್ಟಲೆ ಕಾಡುತ್ತದೆ.

ಈ ಅಂತರಕ್ಕೆ ಭಾಷೆಯೂ ಒಂದು ಕಾರಣ. ಬ್ರಹ್ಮಾವರದ ಆಸುಪಾಸಿನಲ್ಲಿ ತುಳುವೂ ಕುಂದಗನ್ನಡವೂ ಸಂಧಿಸುತ್ತವೆ. ಅಲ್ಲಿಂದ ಬೈಂದೂರಿನವರೆಗೆ ಕುಂದಗನ್ನಡವೇ ಮನೆಮಾತು. ಅದರಲ್ಲಿ ‘ಇತ್ತ್’ ಎಂದರೆ ‘ಇದೆ’ ಎಂದು ಅರ್ಥ. ಹಳ್ಳಿಯ ಅಜ್ಜಿಯೊಬ್ಬರು “ನೋವು ಇತ್ತ್” ಎಂದರೆ ಈ ಕ್ಷಣದಲ್ಲಿ ನೋವು ಇದೆಯೆಂದು ಅವರು ಹೇಳುತ್ತಿದ್ದಾರೆ. ಬೆಂಗಳೂರಿನ ಕನ್ನಡವನ್ನೋ ಪುಸ್ತಕದ ಕನ್ನಡವನ್ನೋ ಕಲಿತು ಬಂದ ವೈದ್ಯರಿಗೆ ಅದು ‘ಇತ್ತು’ ಎಂದು, ಅಂದರೆ ನೋವು ಕಳೆದುಹೋಗಿದೆ ಎಂದು, ಕೇಳಿಸಬಹುದು. ಕನ್ನಡವೇ ಬಾರದ ವೈದ್ಯ, ದಾದಿಯರ ಮಾತಂತೂ ಬೇರೆ. ಕನ್ನಡದಿಂದ ಕನ್ನಡಕ್ಕೇ ಇಷ್ಟು ದೂರವಿರುವಾಗ, ಇಂಗ್ಲಿಷಿನ ಒಪ್ಪಿಗೆ ಪತ್ರವು ರೋಗಿಯ ಮನೆಯವರಿಗೆ ಏನನ್ನು ತಿಳಿಸೀತು?

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿನೀತಿಯ ನಿಯಮಗಳ ಪ್ರಕಾರ ವೈದ್ಯನು ರೋಗದ ಗಂಭೀರತೆಯನ್ನು ಹಿಗ್ಗಿಸಿಯೂ ಹೇಳಬಾರದು, ಕುಗ್ಗಿಸಿಯೂ ಹೇಳಬಾರದು. ರೋಗಿಯ ಹಿತಕ್ಕೆ ಬೇಕಾದಷ್ಟನ್ನು ರೋಗಿಗೂ ಬಂಧುಗಳಿಗೂ ತಿಳಿಸಬೇಕು. ದಾಖಲೆಗಳನ್ನು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. 2023ರಲ್ಲಿ ಹೊರಬಂದ ಹೊಸ ನಿಯಮಗಳನ್ನು ಅದೇ ವರ್ಷದ ಆಗಸ್ಟಿನಲ್ಲಿ ತಡೆಹಿಡಿದಾಗ ಈ ಹಳೆಯ ನಿಯಮಗಳೇ ಮತ್ತೆ ಜಾರಿಗೆ ಬಂದವು. ವೈದ್ಯಸೇವೆಯೂ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಸೇರುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ತೀರ್ಪಿತ್ತಿತು. ಚಿಕಿತ್ಸೆಯ ಸ್ವರೂಪ, ಅಪಾಯ ಮತ್ತು ಬದಲಿ ಮಾರ್ಗಗಳನ್ನು ತಿಳಿಸಿದ ಮೇಲೆ ಪಡೆದ ಸಮ್ಮತಿಯೇ ನಿಜವಾದ ಸಮ್ಮತಿ ಎಂಬುದು 2008ರ ಸಮೀರಾ ಕೊಹ್ಲಿ ಪ್ರಕರಣದ ಸಾರ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾದಾಗ ರೋಗಿಗಳ ಹಕ್ಕುಗಳ ಸನ್ನದು ಅದರಲ್ಲಿ ಸೇರಿತು. ಜಿಲ್ಲಾ ಮಟ್ಟದಲ್ಲಿ ದೂರುಗಳನ್ನು ಆಲಿಸುವ ಪ್ರಾಧಿಕಾರವೂ ಬಂದಿತು. ಬಾಕಿ ಹಣಕ್ಕಾಗಿ ಮೃತದೇಹವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂಬುದೂ ಈ ಕಾಯ್ದೆಯ ವಿಧಿಯೇ.

ಈ ಹಕ್ಕುಗಳನ್ನು ಪ್ರತಿಯೊಂದು ಕುಟುಂಬವೂ ಅರಿತಿರಬೇಕು. ಆದರೆ ಕಾನೂನಿನ ಮಿತಿಯನ್ನೂ ಅರಿಯಬೇಕು. ಕಾನೂನು ಕಾಗದವನ್ನು ಕೊಡಿಸಬಲ್ಲದು; ಎದುರಿಗೆ ಕುಳಿತು ಆಡುವ ಮಾತನ್ನು ಕೊಡಿಸಲಾರದು. ದಾವೆಯ ಭಯ ಹೆಚ್ಚಿದಂತೆ ಆಸ್ಪತ್ರೆಗಳಲ್ಲಿ ರುಜುಗಳು ಹೆಚ್ಚಾದರೆ, ಸಂಭಾಷಣೆಯೂ ಹೆಚ್ಚಿತೆಂದು ಅರ್ಥವಲ್ಲ. ಕಾಗದದ ಮೇಲೆ ಎಲ್ಲವನ್ನೂ ತಿಳಿಸಿದಂತಾಗಿ, ಮನಸ್ಸಿಗೆ ಏನೂ ತಿಳಿಯದಿರುವ ಸ್ಥಿತಿಯೇ ಇಂದಿನ ದೋಷದ ತಿರುಳು.

ಜೈನ ಗೃಹಸ್ಥನಿಗೆ ಇದರಿಂದಾಗುವ ನಷ್ಟವು ಇತರರಿಗಿಂತ ಒಂದು ಹೆಜ್ಜೆ ಹೆಚ್ಚಿನದು. ರಾತ್ರಿಭೋಜನವನ್ನು ತ್ಯಜಿಸಿದ ವ್ರತಧಾರಿಗೆ ರಾತ್ರಿ ನಳಿಕೆಯ ಮೂಲಕ ಆಹಾರ ಕೊಡುವುದು ಅನಿವಾರ್ಯವಾಗಬಹುದು. ಕೆಲವು ಕ್ಯಾಪ್ಸೂಲುಗಳ ಹೊದಿಕೆಯ ಜೆಲಟಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪರಿನ್ ಮೊದಲಾದವು ಪ್ರಾಣಿಮೂಲದವು. ಪ್ರಾಣಸಂಕಟದಲ್ಲಿ ಏನನ್ನು ಸ್ವೀಕರಿಸಬೇಕು, ಯಾವುದಕ್ಕೆ ಆಮೇಲೆ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು ಎಂಬುದನ್ನು ರೋಗಿ ತಾನೇ ನಿರ್ಧರಿಸಬೇಕಾದರೆ ಮೊದಲು ಅದು ಅವನಿಗೆ ತಿಳಿದಿರಬೇಕು. ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಕೇಳಬೇಕೆಂದು ಬಹಳ ಮಂದಿಗೆ ತಿಳಿದೇ ಇಲ್ಲ.

ಇದಕ್ಕಿಂತ ಗುರುತರವಾದುದು ಅಂತ್ಯಕಾಲದ ಪ್ರಶ್ನೆ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಸಲ್ಲೇಖನವನ್ನು ಎಲ್ಲ ಸಂದರ್ಭಗಳಲ್ಲಿಯೂ ವಿಧಿಸುವುದಿಲ್ಲ. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಪ್ರತೀಕಾರವಿಲ್ಲದಂತಾದಾಗ ಮಾತ್ರ ಅದು ಧರ್ಮ. ಹಾಗಾದರೆ ರೋಗಕ್ಕೆ ಪ್ರತೀಕಾರ ಉಳಿದಿದೆಯೇ ಇಲ್ಲವೇ ಎಂದು ತಿಳಿಸುವವರು ಯಾರು? ವೈದ್ಯರೇ ಅಲ್ಲವೇ? ಅವರು ಸಕಾಲದಲ್ಲಿ ಸತ್ಯವನ್ನು ನುಡಿಯದಿದ್ದರೆ ವ್ರತದ ಯೋಚನೆಗೇ ಎಡೆಯಿಲ್ಲ. ಸಲ್ಲೇಖನದ ಸಂಕಲ್ಪ ಎಲ್ಲರಿಗೂ ಸಾಧ್ಯವಲ್ಲ, ಅದನ್ನು ಯಾರ ಮೇಲೂ ಹೇರುವಂತೆಯೂ ಇಲ್ಲ. ಆದರೆ ಸ್ನೇಹ, ವೈರಗಳನ್ನು ಬಿಟ್ಟು, ಬಂಧುಗಳನ್ನು ಕ್ಷಮಿಸಿ, ತಾನೂ ಕ್ಷಮೆಯನ್ನು ಬೇಡಿ, ಪಂಚನಮಸ್ಕಾರವನ್ನು ಕೇಳುತ್ತಾ ಕಣ್ಣು ಮುಚ್ಚಬೇಕೆಂಬುದು ಪ್ರತಿಯೊಬ್ಬ ಶ್ರಾವಕ, ಶ್ರಾವಕಿಯರ ಹಂಬಲ. ಅದಕ್ಕೆ ಎಚ್ಚರವೂ ಒಂದಿಷ್ಟು ಕಾಲಾವಕಾಶವೂ ಬೇಕು. ಮಾತನಾಡುವ ಶಕ್ತಿ ಇದ್ದ ದಿನಗಳಲ್ಲಿ “ನೋಡೋಣ” ಎಂದು, ನಳಿಕೆಯಿಂದ ಮಾತು ನಿಂತ ಮೇಲೆ “ಇನ್ನಿಲ್ಲ” ಎಂದರೆ, ಜೀವಮಾನವಿಡೀ ನೆಚ್ಚಿದ ಸಿದ್ಧತೆ ಬರಿದಾಗುತ್ತದೆ.

ಸಂಥಾರಾ ವ್ರತವನ್ನು ನಿಷೇಧಿಸಿದ ರಾಜಸ್ಥಾನ ಉಚ್ಚ ನ್ಯಾಯಾಲಯದ ತೀರ್ಪಿಗೆ 2015ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆ ನೀಡಿದ್ದನ್ನು ಸಮಾಜವು ಮರೆತಿಲ್ಲ. ಆಗ ಊರೂರುಗಳಲ್ಲಿ ಮೌನ ಮೆರವಣಿಗೆಗಳು ನಡೆದವು. ಆದರೆ 2018ರಲ್ಲಿ ಅದೇ ನ್ಯಾಯಾಲಯವು ಘನತೆಯಿಂದ ಮರಣ ಹೊಂದುವ ಹಕ್ಕನ್ನು ಅಂಗೀಕರಿಸಿದ್ದು, 2023ರಲ್ಲಿ ಮುಂಗಡ ಇಚ್ಛಾಪತ್ರದ ವಿಧಾನವನ್ನು ಸರಳಗೊಳಿಸಿದ್ದು, 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದರ ಅನುಷ್ಠಾನಕ್ಕೆ ಆದೇಶ ಹೊರಡಿಸಿದ್ದು ಎಷ್ಟು ಮನೆಗಳಿಗೆ ತಿಳಿದಿದೆ? ಸಲ್ಲೇಖನವೂ ಇಚ್ಛಾಪತ್ರವೂ ಒಂದೇ ಅಲ್ಲ. ಒಂದು ಆತ್ಮಸಾಧನೆ, ಇನ್ನೊಂದು ಗುಣವಾಗುವ ಆಸೆ ಇಲ್ಲದಾಗ ತನಗೆ ಯಾವ ಚಿಕಿತ್ಸೆ ಬೇಡವೆಂಬ ಸೂಚನೆ. ಆದರೂ ಯಂತ್ರಗಳ ನಡುವೆ ಪ್ರಜ್ಞೆಯಿಲ್ಲದೆ ಕೊನೆಗಾಣಲು ಬಯಸದ ಹಿರಿಯರಿಗೆ ಅದು ಉಪಯುಕ್ತವಾದ ಸಾಧನವೇ ಸರಿ. ಮೆರವಣಿಗೆಯಲ್ಲಿ ತೋರಿದ ಉತ್ಸಾಹವು ಮನೆಯ ಹಿರಿಯರೊಡನೆ ಈ ಮಾತನ್ನು ಎತ್ತುವುದರಲ್ಲಿ ಕಾಣುವುದಿಲ್ಲ.

ಇಲ್ಲಿಯೇ ವಿಮರ್ಶೆಯು ಒಳಮುಖವಾಗಬೇಕಾಗುತ್ತದೆ. ಸತ್ಯವನ್ನು ಮರೆಮಾಚುವವರು ಆಸ್ಪತ್ರೆಯವರು ಮಾತ್ರವಲ್ಲ. “ಅಪ್ಪಯ್ಯನಿಗೆ ಹೇಳಬೇಡಿ ಡಾಕ್ಟರೇ, ಎದೆ ಒಡೆದುಕೊಂಡಾರು” ಎಂದು ಕೈಮುಗಿಯುವವರು ಮಕ್ಕಳೇ. ಪರರಿಗೆ ವಿಪತ್ತು ತರುವ ಸತ್ಯವನ್ನು ನುಡಿಯಬಾರದೆಂದು ಸತ್ಯಾಣುವ್ರತದಲ್ಲಿಯೇ ಹೇಳಿದೆಯಲ್ಲ ಎಂದು ಕೆಲವರು ಸಮರ್ಥಿಸಿಕೊಳ್ಳುವುದುಂಟು. ಆದರೆ ಇಲ್ಲಿ ವಿಪತ್ತನ್ನು ತರುವುದು ರೋಗ, ಮಾತಲ್ಲ. ಮರೆಮಾಚಿದ್ದರಿಂದ ರೋಗವು ನಿಲ್ಲುವುದಿಲ್ಲ. ರೋಗಿಯು ತನ್ನ ಕೊನೆಯ ದಿನಗಳ ಯಜಮಾನಿಕೆಯನ್ನು ಕಳೆದುಕೊಳ್ಳುತ್ತಾನೆ, ಅಷ್ಟೆ. ತನ್ನ ಸ್ಥಿತಿಯನ್ನು ಎಷ್ಟರಮಟ್ಟಿಗೆ ತಿಳಿಯಬೇಕೆಂಬುದನ್ನು ರೋಗಿಯನ್ನೇ ಕೇಳಿ, ಅವನು ಬಯಸಿದಷ್ಟನ್ನು ಹಿತವಾಗಿ, ಮಿತವಾಗಿ, ಪ್ರಿಯವಾಗಿ ತಿಳಿಸುವುದೇ ಭಾಷಾಸಮಿತಿಗೆ ಒಪ್ಪುವ ಮಾರ್ಗ. ಮಿತವನ್ನು ಮಾತ್ರ ಉಳಿಸಿಕೊಂಡು ಹಿತವನ್ನೂ ಪ್ರಿಯವನ್ನೂ ಬಿಟ್ಟ ವೈದ್ಯರು, ಪ್ರಿಯವನ್ನು ಮಾತ್ರ ಉಳಿಸಿಕೊಂಡು ಹಿತವನ್ನು ಬಿಟ್ಟ ಬಂಧುಗಳು, ಇಬ್ಬರೂ ಒಂದೇ ತಪ್ಪಿನ ಎರಡು ಬದಿಗಳಲ್ಲಿ ನಿಂತಿದ್ದಾರೆ.

ವೈದ್ಯರ ಪಾಡನ್ನೂ ಕಾಣಬೇಕು. ನೂರಾರು ರೋಗಿಗಳ ನಡುವೆ ಒಂದು ಕುಟುಂಬದೊಡನೆ ಅರ್ಧ ಗಂಟೆ ಕುಳಿತುಕೊಳ್ಳಲು ಅವರಿಗೆ ಬಿಡುವಿಲ್ಲ. ಕೆಟ್ಟ ಸುದ್ದಿ ಹೇಳಿದರೆ ಹಲ್ಲೆಯಾದೀತೆಂಬ ಅಂಜಿಕೆಯೂ ಇದೆ. ಕರ್ನಾಟಕವು 2009ರಲ್ಲಿ ವೈದ್ಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯಲು ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ರೋಗಿಯೊಡನೆ ಮಾತನಾಡುವ ಕಲೆಯು ದೇಶದ ವೈದ್ಯ ಪಠ್ಯಕ್ರಮದಲ್ಲಿ ವ್ಯವಸ್ಥಿತವಾಗಿ ಸೇರಿದ್ದು 2019ರಲ್ಲಷ್ಟೆ. ಹಿಂದಿನವರು ಅದನ್ನು ಗುರುಗಳನ್ನು ನೋಡಿಯೇ ಕಲಿತರು, ಇಲ್ಲವೇ ಕಲಿಯದೆ ಉಳಿದರು. ಇವೆಲ್ಲ ಕಾರಣಗಳು, ಸಮರ್ಥನೆಗಳಲ್ಲ. ನಿರ್ವಿಚಿಕಿತ್ಸಾ ಅಂಗಕ್ಕೆ ಉದಾಹರಣೆಯಾದ ಉದ್ದಾಯನ ಮಹಾರಾಜನ ಕಥೆ ಎಲ್ಲರಿಗೂ ಪರಿಚಿತ. ರೋಗಗ್ರಸ್ತ ಮುನಿಯ ವೇಷದಲ್ಲಿ ಬಂದ ದೇವನು ಉಂಡ ಆಹಾರವನ್ನು ರಾಜದಂಪತಿಗಳ ಮೇಲೆಯೇ ವಾಂತಿ ಮಾಡಿದಾಗ, ರಾಜನಿಗೆ ಜುಗುಪ್ಸೆಯಾಗಲಿಲ್ಲ. ತಾನು ಕೊಟ್ಟ ಆಹಾರದಲ್ಲಿಯೇ ದೋಷವಿದ್ದಿರಬೇಕೆಂದು ಅವನು ಮರುಗಿದನು. ತನ್ನ ಕಡೆಯ ತಪ್ಪೇನು ಎಂದು ಮೊದಲು ಕೇಳಿಕೊಳ್ಳುವ ಆ ಸ್ವಭಾವವೇ ಶುಶ್ರೂಷೆಯ ಬೇರು.

ಔಷಧದಾನಕ್ಕೆ ಉದಾಹರಣೆಯಾದ ವೃಷಭಸೇನೆಯ ಕಥೆಯೂ ಇದನ್ನೇ ಹೇಳುತ್ತದೆ. ಪೂರ್ವಜನ್ಮದಲ್ಲಿ ಜಿನಾಲಯವನ್ನು ಗುಡಿಸುತ್ತಿದ್ದ ಆಕೆ, ಧ್ಯಾನಸ್ಥ ಮುನಿಯ ಮೇಲೆ ಕಸವನ್ನು ಒಟ್ಟಿದಳು. ಆಮೇಲೆ ತಪ್ಪನ್ನರಿತು ಪಶ್ಚಾತ್ತಾಪಪಟ್ಟು, ಮುನಿಗೆ ಔಷಧೋಪಚಾರ ಮಾಡಿದಳು. ದಾನದ ಮೊದಲು ತಪ್ಪಿನ ಅಂಗೀಕಾರವಿತ್ತು ಎಂಬುದನ್ನು ಮರೆಯಲಾಗದು.

ಬಸದಿಗಳ ಆಡಳಿತ ಮಂಡಳಿಗಳು ಮತ್ತು ಸಮಾಜದ ದಾನಿಗಳು ಇಲ್ಲಿಂದ ಪಾಠ ಕಲಿಯಬಹುದು. ಮಂಚ, ಯಂತ್ರ, ವಾಹನಗಳಿಗೆ ದಾನ ಕೊಟ್ಟು ಕಲ್ಲಿನಲ್ಲಿ ಹೆಸರು ಕೆತ್ತಿಸುವುದು ಸುಲಭ. ಆ ದಾನದ ಒಂದು ಪಾಲನ್ನು ಮಾತಿಗಾಗಿ ಮೀಸಲಿಡಬಾರದೇಕೆ? ಕುಂದಗನ್ನಡವನ್ನೂ ತುಳುವನ್ನೂ ಬಲ್ಲ ಒಬ್ಬ ಸಹಾಯಕರು ತೀವ್ರ ನಿಗಾ ಘಟಕದ ಹೊರಗೆ ಕುಳಿತು, ದಿನಕ್ಕೊಮ್ಮೆ ಗೊತ್ತಾದ ಹೊತ್ತಿಗೆ ವೈದ್ಯರನ್ನೂ ಕುಟುಂಬವನ್ನೂ ಎದುರುಬದುರು ಮಾಡಿಸುವ ವ್ಯವಸ್ಥೆಗೆ ಯಂತ್ರದಷ್ಟು ಹಣ ಬೇಕಾಗದು. ಒಪ್ಪಿಗೆ ಪತ್ರಗಳು ಕನ್ನಡದಲ್ಲಿರಬೇಕು, ರೋಗಿಗಳ ಸನ್ನದು ಕಣ್ಣಿಗೆ ಬೀಳುವಲ್ಲಿ ತೂಗಬೇಕು ಎಂಬುದನ್ನು ದಾನದ ಷರತ್ತಾಗಿಸಬಹುದು. ಪ್ಯಾಲಿಯೇಟಿವ್ ಕೇರ್ ಎಂದು ಕರೆಯುವ ಉಪಶಮನ ಚಿಕಿತ್ಸೆಯ ವೈದ್ಯರನ್ನು ಪರ್ಯುಷಣದ ಉಪನ್ಯಾಸಕ್ಕೆ ಆಹ್ವಾನಿಸಬಹುದು. ಇಚ್ಛಾಪತ್ರದ ಕನ್ನಡ ಮಾದರಿಯೊಂದನ್ನು ಪ್ರತಿ ಮನೆಗೂ ತಲುಪಿಸಬಹುದು.

ವೈಯಾವೃತ್ಯವನ್ನು ಆಚಾರ್ಯರು ಅಂತರಂಗ ತಪಸ್ಸುಗಳಲ್ಲಿ ಎಣಿಸಿದ್ದಾರೆ. ಅದು ಹಣದಿಂದಲ್ಲ, ಮನಸ್ಸಿನಿಂದ ಆಗಬೇಕಾದ ಕೆಲಸವೆಂಬುದೇ ಅದರ ಅರ್ಥ. ರೋಗಿಯ ಬಳಿ ಕುಳಿತು, ಅವನ ಮಾತಿನಲ್ಲಿಯೇ, ಅವನಿಗೆ ಇನ್ನೂ ಕೇಳಲು ಶಕ್ತಿಯಿರುವಾಗಲೇ ಸತ್ಯವನ್ನು ನುಡಿಯುವುದು ಔಷಧದಾನದ ಹೊರಗಿನ ಸಂಗತಿಯಲ್ಲ. ಅದಿಲ್ಲದೆ ಉಳಿದ ದಾನವು ಅಪೂರ್ಣ.