ಗೊಂಡಲಿ: ಒಂದು ನೃತ್ಯಪದದ ಅರ್ಥವಿಚಾರ

ದೇಶೀ ನೃತ್ಯಗಳನ್ನು ನಿರೂಪಿಸುವ ಪ್ರಾಚೀನ ಲಕ್ಷಣಗ್ರಂಥಗಳಲ್ಲಿ ‘ಪೇರಣಿ’ಯ ಜೊತೆಯಲ್ಲಿ ಕಾಣಬರುವ ಮತ್ತೊಂದು ಪದ ‘ಗೊಂಡಲಿ’. ‘ಗೌಂಡಲಿ’ ಎಂಬ ರೂಪವೂ ಉಂಟು. ಉತ್ತರ ಕರ್ನಾಟಕದ ಗೊಂದಲಿಗರ ಮೇಳವನ್ನು ಬಲ್ಲವರು ಇದನ್ನು ‘ಗೊಂದಲ’ವೆಂದೇ ತಿಳಿಯುವುದು ಸಹಜ. ಆದರೆ ಧ್ವನಿಸಾಮ್ಯವೊಂದೇ ಅರ್ಥನಿರ್ಣಯಕ್ಕೆ ಸಾಲದು.

ಕಾಕತೀಯ ಗಣಪತಿದೇವನ ಗಜಸೇನಾಪತಿಯಾದ ಜಾಯಪನು 1253-54ರಲ್ಲಿ ರಚಿಸಿದ ‘ನೃತ್ತರತ್ನಾವಳಿ’ಯಲ್ಲಿ ಈ ಪದದ ಮೂಲವನ್ನು ಹೇಳುತ್ತಾನೆ. ಕಲ್ಯಾಣದಲ್ಲಿ ಭೂತಮಾತೃಕೆಯ ಉತ್ಸವ ನಡೆದಾಗ ಭಿಲ್ಲವೇಷದ ಸ್ತ್ರೀಯೊಬ್ಬಳು ಹಾಡುತ್ತ ಕುಣಿದುದನ್ನು ಚಾಲುಕ್ಯ ಸೋಮೇಶ್ವರನು ಕಂಡು ಮೆಚ್ಚಿ ಅದಕ್ಕೊಂದು ಕ್ರಮವನ್ನು ಏರ್ಪಡಿಸಿದನು. ಮಹಾರಾಷ್ಟ್ರದಲ್ಲಿ ಭಿಲ್ಲಸ್ತ್ರೀಗೆ ಗೊಂಡಲಿ ಎಂಬ ಹೆಸರಿದ್ದುದರಿಂದ ನೃತ್ಯಕ್ಕೂ ಅದೇ ಹೆಸರಾಯಿತು. ಜಾಯಪನ ಮಾತು ಘಟನೆಗಿಂತ ಶತಮಾನಕ್ಕೂ ಮಿಕ್ಕು ಈಚಿನದು. ಆದರೂ ‘ಮಾನಸೋಲ್ಲಾಸ’ದಲ್ಲಿ ನೃತ್ಯವಿನೋದಕ್ಕೆ ಪ್ರತ್ಯೇಕ ಭಾಗವನ್ನೇ ಮೀಸಲಿಟ್ಟ ಮೂರನೆಯ ಸೋಮೇಶ್ವರನಿಗೆ ಅದು ಸಲ್ಲತಕ್ಕದ್ದೇ ಆಗಿದೆ.

ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಗೌಂಡಲಿಯ ಲಕ್ಷಣವನ್ನು ವಿವರಿಸಿದ್ದಾನೆ. ಇದು ಕಠಿಣ ಪ್ರಬಂಧಗಳನ್ನು ಬಿಟ್ಟು ಸಾಲಗಗೀತಗಳಿಗೆ ಹೊಂದಿಕೊಂಡ, ಸುಕುಮಾರವಾದ ಲಾಸ್ಯಪ್ರಧಾನ ನರ್ತನ. ನರ್ತಕಿಯ ಅಲಂಕಾರ ಕರ್ನಾಟದೇಶದ್ದು. ಹಾಡುವವಳೂ ಆಡುವವಳೂ ಒಬ್ಬಳೇ ಎಂಬುದು ಇದರ ಜೀವಾಳ. ತಾನೇ ಹಾಡದೆ ಬರಿದೇ ಕುಣಿದರೆ ಅದು ‘ಮೂಕಗೌಂಡಲಿ’. ಈ ಒಂದು ಪಾರಿಭಾಷಿಕ ಶಬ್ದವೇ ಗೀತವು ಗೊಂಡಲಿಗೆ ಹೊರಗಿನ ಪರಿಕರವಲ್ಲ, ಅದರ ವಾಣಿ ಎಂಬುದನ್ನು ಸಿದ್ಧಪಡಿಸುತ್ತದೆ.

ಗೊಂದಲವಾದರೋ ಅಂಬಾಭವಾನಿಯ ಉಪಾಸಕರ ಆರಾಧನೆ. ದಿವಟಿಗೆಯ ಬೆಳಕಿನಲ್ಲಿ, ಸಂಬಳ ತುಂತುಣಿಗಳ ನಾದದೊಡನೆ ಪುರುಷರ ಮೇಳವು ರಾತ್ರಿಯೆಲ್ಲ ನಡೆಸುವ ಕಥನ. ಗೊಂಡಲಿಯಾದರೆ ಏಕನರ್ತಕಿಯ ಲಾಸ್ಯ. ಪದಗಳಿಗೆ ನಂಟಿದ್ದರೂ ಕಲೆಗಳು ಬೇರೆ. ಒಂದರ ಲಕ್ಷಣವನ್ನು ಇನ್ನೊಂದಕ್ಕೆ ಆರೋಪಿಸುವುದು ಯುಕ್ತವಲ್ಲ.

ಈ ಪದದ ಚರಿತ್ರೆಯಲ್ಲಿ ವಿಚಾರಣೀಯವಾದ ಇನ್ನೊಂದು ಅಂಶವಿದೆ. ಅರಮನೆ ಆ ಸ್ತ್ರೀಯ ಕಲೆಯನ್ನು ಸ್ವೀಕರಿಸಿತು; ಶಾಸ್ತ್ರ ಅದನ್ನು ಸಂಸ್ಕರಿಸಿತು; ಆದರೆ ಅವಳ ಹೆಸರನ್ನು ಯಾರೂ ಬರೆದಿಡಲಿಲ್ಲ. ಕುಲದ ಹೆಸರೇ ಕಲೆಯ ಹೆಸರಾಗಿ ಉಳಿಯಿತು. ಕೆಲವೇ ದಶಕಗಳ ತರುವಾಯ ಅದೇ ಕಲ್ಯಾಣದಲ್ಲಿ, ವೇಷಗಾರಿಕೆಯನ್ನೇ ಕಾಯಕವಾಗಿ ಉಳ್ಳ ಬಹುರೂಪಿ ಚೌಡಯ್ಯನು ‘ರೇಕಣ್ಣಪ್ರಿಯ ನಾಗಿನಾಥ’ ಎಂಬ ಅಂಕಿತದಿಂದ ವಚನಗಳನ್ನು ರಚಿಸಿದನು. ದೇಶೀ ಕಲೆಗೆ ಮನ್ನಣೆ ಎರಡೂ ಕಡೆ ದೊರೆಯಿತೆಂಬುದು ನಿಜ. ಆದರೆ ಅರಸನ ಸಭೆ ಮನ್ನಿಸಿದ್ದು ಕಲೆಯನ್ನು, ಶರಣರ ಗೋಷ್ಠಿ ಮನ್ನಿಸಿದ್ದು ಕಲಾವಿದನನ್ನು. ಸೋಮೇಶ್ವರನ ರಸಿಕತೆಯನ್ನು ಕೊಂಡಾಡುವಾಗ ಈ ವ್ಯತ್ಯಾಸವನ್ನು ಮರೆಯಲಾಗದು. ಗೊಂಡಲಿಯ ಅರ್ಥವು ಲಕ್ಷಣಶ್ಲೋಕಗಳಲ್ಲಿ ಎಷ್ಟು ಇದೆಯೋ, ಆ ಅನಾಮಿಕ ಗಾಯಕಿಯ ಮೌನದಲ್ಲಿಯೂ ಅಷ್ಟೇ ಇದೆ.